ಹೊಟ್ಟೆಗೆ ಹಾಕಿಕೊಳ್ಳುವುದು: ಮೋರಟಗಿ ಸೀಮೆಯ ಉದರ ತಿಳಿವಳಿಕೆ ಮತ್ತು ಕರುಳಿನ ರೋಗನಿರೋಧಕ ವ್ಯವಸ್ಥೆ

ಕನ್ನಡದಲ್ಲಿ ಜನಪದ ವೈದ್ಯವನ್ನು ಕುರಿತು ನಡೆದ ಅಧ್ಯಯನಗಳಲ್ಲಿ ಗಿಡಮೂಲಿಕೆಗಳ ಪಟ್ಟಿಗೆ ದೊರೆತ ಸ್ಥಾನ, ರೋಗವನ್ನು ಕುರಿತು ಜನ ಆಡುವ ಮಾತಿಗೆ ದೊರೆತಿಲ್ಲ. ಯಾವ ಬೇರು ಯಾವ ಬೇನೆಗೆ, ಯಾವ ಸೊಪ್ಪು ಯಾವ ಗಾಯಕ್ಕೆ ಎಂಬ ವಿವರಗಳು ಸಾಕಷ್ಟು ಸಂಗ್ರಹವಾಗಿವೆ. ಆದರೆ ಬೇನೆಯೆಂದರೆ ಏನು, ಉಂಡ ಅನ್ನ ಒಬ್ಬನಿಗೆ ಬಲವಾಗಿ ಇನ್ನೊಬ್ಬನಿಗೆ ಬಾಧೆಯಾಗುವುದು ಏಕೆ, ಎಂಬ ಪ್ರಶ್ನೆಗಳಿಗೆ ಜನಪದರು ತಮ್ಮ ನಿತ್ಯದ ನುಡಿಯಲ್ಲೇ ಇಟ್ಟುಕೊಂಡಿರುವ ಉತ್ತರಗಳನ್ನು ಒಟ್ಟುಗೂಡಿಸಿ ನೋಡಿದ್ದು ಕಡಿಮೆ. ವಿಜಯಪುರ ಜಿಲ್ಲೆಯ ಸಿಂದಗಿ ತಾಲ್ಲೂಕಿನ ಮೋರಟಗಿ ಮತ್ತು ಅದರ ಸುತ್ತಣ ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಆಡುಮಾತಿನಲ್ಲಿ ಹೊಟ್ಟೆ ಮತ್ತು ಕರುಳನ್ನು ಕುರಿತು ಇರುವ ತಿಳಿವಳಿಕೆಯನ್ನು, ಕರುಳಿನ ರೋಗನಿರೋಧಕ ವ್ಯವಸ್ಥೆಯ ಬಗ್ಗೆ ವಿಜ್ಞಾನ ಈಚಿನ ದಶಕಗಳಲ್ಲಿ ಕಂಡುಕೊಂಡ ಸಂಗತಿಗಳೊಡನೆ ಇಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಸೀಮೆಗೆ ಜಾನಪದ ಸಂಗ್ರಹದ ಹಿರಿದಾದ ಪರಂಪರೆಯಿದೆ. ಹಿಂದಿನ ಇಂಡಿ ತಾಲ್ಲೂಕಿನ ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ ‘ಗರತಿಯ ಹಾಡು’ ಕನ್ನಡ ಜಾನಪದ ಅಧ್ಯಯನದ ಮೊದಲ ಮೈಲಿಗಲ್ಲುಗಳಲ್ಲೊಂದು. ತಾಯಿ, ಮಗು, ತೊಟ್ಟಿಲು, ತವರುಗಳ ಲೋಕವೆಲ್ಲ ಅಂಥ ಸಂಗ್ರಹಗಳಿಂದ ಬೆಳಕಿಗೆ ಬಂದಿತು. ಆದರೆ ಆ ಹಾಡು ಹುಟ್ಟಿದ ಬಾಣಂತಿಯ ಕೋಣೆಯಲ್ಲೇ ನಡೆಯುತ್ತಿದ್ದ ಆಚರಣೆಗಳು, ಕೂಸಿನ ಬಾಯಿಗೆ ಮೊದಲು ಏನು ಬಿತ್ತು ಎಂಬಂಥ ವಿವರಗಳು, ಹಾಡಿನಷ್ಟು ಶ್ರದ್ಧೆಯಿಂದ ದಾಖಲಾಗಲಿಲ್ಲ. ಈ ಕೊರತೆಯ ಬೆಲೆ ಎಷ್ಟೆಂಬುದು ಮುಂದೆ ತಿಳಿಯುತ್ತದೆ.

ಹೊಟ್ಟೆಯ ಮಾತು, ಕರುಳಿನ ಮಾತು

ಕನ್ನಡದ ನುಡಿಗಟ್ಟುಗಳಲ್ಲಿ ಹೊಟ್ಟೆಗೂ ಕರುಳಿಗೂ ಬೇರೆ ಬೇರೆ ಕೆಲಸಗಳಿವೆ. ಕರುಳು ತನ್ನವರನ್ನು ಗುರುತಿಸುತ್ತದೆ: ಹೆತ್ತ ಕರುಳು, ಕರುಳ ಬಳ್ಳಿ, ಕರುಳು ಚುರ್ ಎನ್ನುವುದು. ಹೊಟ್ಟೆ ಉರಿಯುತ್ತದೆ, ಕಿಚ್ಚಾಗುತ್ತದೆ. ಅದೇ ಹೊಟ್ಟೆ ಸಹಿಸಿಕೊಳ್ಳುತ್ತದೆ ಕೂಡ. ಮೋರಟಗಿ ಕಡೆಯಲ್ಲಿ ತಪ್ಪು ಮಾಡಿದವನು ಹಿರಿಯರ ಮುಂದೆ ನಿಂತು ‘ತಪ್ಪಾಗೇತಿ, ಹೊಟ್ಯಾಗ ಹಾಕ್ಕೋರಿ’ ಎನ್ನುತ್ತಾನೆ. ಹೊರಗಿನಿಂದ ಬಂದ, ತನಗೆ ಸಲ್ಲದ ಒಂದನ್ನು ಹೊರಗೆ ಎಸೆಯದೆ, ಅದರ ಮೇಲೆ ಹಗೆ ಸಾಧಿಸದೆ, ಒಳಗೆ ತೆಗೆದುಕೊಂಡು ಅರಗಿಸಿಬಿಡುವ ಶಕ್ತಿಯನ್ನು ಈ ಮಾತು ಹೊಟ್ಟೆಯಲ್ಲಿ ಇಟ್ಟಿದೆ. ಕ್ಷಮೆಯ ಅಂಗ ಹೃದಯವೆಂದು ಹೇಳುವ ಭಾಷೆಗಳು ಬಹಳ; ಹೊಟ್ಟೆಯೆಂದು ಹೇಳುವಲ್ಲಿ ಕನ್ನಡದ ಒಂದು ವಿಶೇಷ ದೃಷ್ಟಿಯಿದೆ.

ಇದನ್ನು ವಿಜ್ಞಾನದ ಪೂರ್ವರೂಪವೆಂದು ಸಾರುವುದು ಉತ್ಸಾಹದ ಮಾತಾದೀತು. ಜನಪದರು ಸೂಕ್ಷ್ಮದರ್ಶಕದಲ್ಲಿ ಕರುಳನ್ನು ಕಂಡವರಲ್ಲ. ಆದರೂ ಕರುಳಿನ ರೋಗನಿರೋಧಕ ವ್ಯವಸ್ಥೆಯನ್ನು ವಿವರಿಸುವಾಗ ಇಂದಿನ ವಿಜ್ಞಾನ ಬಳಸುವ ಮುಖ್ಯ ಪರಿಕಲ್ಪನೆಗೆ ‘ಸಹನೆ’ ಎಂದೇ ಹೆಸರು. ಆ ಪರಿಕಲ್ಪನೆಯನ್ನು ಕನ್ನಡ ಓದುಗನಿಗೆ ತಲುಪಿಸಲು ‘ಹೊಟ್ಟೆಗೆ ಹಾಕಿಕೊಳ್ಳುವುದು’ ಎಂಬುದಕ್ಕಿಂತ ಹತ್ತಿರದ ಮಾತು ಸಿಗುವುದು ಕಷ್ಟ.

ರೋಗನಿರೋಧಕ ಶಕ್ತಿಯೆಂದರೆ ದೇಹದೊಳಗಿನ ಸೈನ್ಯ, ಶತ್ರು ಬಂದೊಡನೆ ಕೊಲ್ಲುವುದೇ ಅದರ ಕೆಲಸ ಎಂಬ ಚಿತ್ರ ಶಾಲಾ ಪಠ್ಯಗಳಿಂದ ಬಂದದ್ದು. ಕರುಳಿನ ವಿಷಯದಲ್ಲಿ ಈ ಚಿತ್ರ ಅರ್ಧ ಮಾತ್ರ ನಿಜ. ವಯಸ್ಕನ ಜೀರ್ಣಾಂಗದ ಒಳಮೈಯನ್ನು ಬಿಡಿಸಿ ಹಾಸಿದರೆ ಅದು ಟೆನಿಸ್ ಅಂಗಳದಷ್ಟಾಗುತ್ತದೆಂದು ಹಿಂದಿನ ಪುಸ್ತಕಗಳು ಹೇಳುತ್ತಿದ್ದವು. 2014ರಲ್ಲಿ ಪ್ರಕಟವಾದ ಅಳತೆ ಅದನ್ನು ಸುಮಾರು 32 ಚದರ ಮೀಟರಿಗೆ ಇಳಿಸಿತು. ಅಷ್ಟೂ ವಿಸ್ತಾರವನ್ನು ಹೊರಗಿನ ಲೋಕದಿಂದ ಬೇರ್ಪಡಿಸಿರುವುದು ಒಂದೇ ಒಂದು ಪದರ ಕೋಶ. ಅದೂ ಮೂರರಿಂದ ಐದು ದಿನಗಳಿಗೊಮ್ಮೆ ಉದುರಿ ಹೊಸದಾಗಿ ಬೆಳೆಯುವಂಥದು. ಈ ಪದರದ ಆಚೆ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಗಳು ನೆಲೆಸಿವೆ. ಜೊತೆಗೆ ದಿನವೂ ಜೋಳ, ಬೇಳೆ, ಹಾಲು, ಕಾಯಿಪಲ್ಯೆಗಳ ರೂಪದಲ್ಲಿ ಪರಕೀಯ ಪ್ರೋಟೀನುಗಳು ಬಂದು ಬೀಳುತ್ತವೆ. ಇವೆಲ್ಲವನ್ನೂ ಶತ್ರುವೆಂದು ಬಗೆದು ಕಾದಾಡಲು ಹೊರಟರೆ ಕರುಳು ಎರಡು ದಿನವೂ ಉಳಿಯಲಾರದು. ಬಂದವರಲ್ಲಿ ಬೀಗರು ಯಾರು, ಕಳ್ಳರು ಯಾರು ಎಂದು ತಿಳಿದು, ಬೀಗರಿಗೆ ಬಾಗಿಲು ತೆರೆಯುವುದೇ ಅದರ ದಿನದ ದುಡಿಮೆಯ ಹೆಚ್ಚಿನ ಪಾಲು.

ಈ ವಿವೇಚನೆ ನಡೆಯುವ ಠಾಣೆಗಳನ್ನು ಸ್ವಿಟ್ಜರ್ಲೆಂಡಿನ ವೈದ್ಯ ಯೋಹಾನ್ ಕಾನ್ರಾಡ್ ಪೇಯರ್ 1677ರಲ್ಲೇ ವಿವರಿಸಿದ್ದನು. ಸಣ್ಣ ಕರುಳಿನ ಗೋಡೆಯಲ್ಲಿ ಅಲ್ಲಲ್ಲಿ ಕಾಣುವ ಈ ಗಂಟುಗಳಿಗೆ ಪೇಯರನ ಮಚ್ಚೆಗಳೆಂದು ಹೆಸರು. ಕರುಳಿನಲ್ಲಿ ಹರಿದುಹೋಗುವ ವಸ್ತುಗಳ ಚೂರುಗಳನ್ನು ಆಯ್ದು ತಂದು ರೋಗನಿರೋಧಕ ಕೋಶಗಳ ಮುಂದೆ ಇಡುವುದು ಇವುಗಳ ಕೆಲಸ. ಅಲ್ಲಿ ತಯಾರಾದ ಕೋಶಗಳು ಕರುಳಿನ ಗೋಡೆಯುದ್ದಕ್ಕೂ ಹರಡಿ ಐಜಿಎ ಎಂಬ ಪ್ರತಿಕಾಯವನ್ನು ಸುರಿಸುತ್ತವೆ. ವಯಸ್ಕನ ಕರುಳು ದಿನಕ್ಕೆ ಕೆಲವು ಗ್ರಾಂಗಳಷ್ಟು ಐಜಿಎ ಒಸರುತ್ತದೆ. ದೇಹದಲ್ಲಿ ಪ್ರತಿಕಾಯ ತಯಾರಿಸುವ ಕೋಶಗಳಲ್ಲಿ ಹೆಚ್ಚಿನವು ಇರುವುದೇ ಕರುಳಿನಲ್ಲಿ. ಐಜಿಎಯ ಸ್ವಭಾವ ಗಮನಾರ್ಹ. ಅದು ಸೂಕ್ಷ್ಮಾಣುವನ್ನು ಕೊಲ್ಲಲು ಉರಿಯೂತ ಎಬ್ಬಿಸುವುದಿಲ್ಲ. ಅದಕ್ಕೆ ಅಂಟಿಕೊಂಡು, ಗೋಡೆಗೆ ತಾಗದಂತೆ ಲೋಳೆಯಲ್ಲೇ ಹಿಡಿದಿಟ್ಟು, ಮಲದೊಡನೆ ಸಾಗಿಸುತ್ತದೆ.

ಸಹನೆಯನ್ನು ಪ್ರಯೋಗದಲ್ಲಿ ಮೊದಲು ತೋರಿಸಿದವರಲ್ಲಿ ಅಮೆರಿಕದ ವೆಲ್ಸ್ ಮತ್ತು ಆಸ್ಬರ್ನ್ ಮುಖ್ಯರು. ಗೋವಿನಜೋಳವನ್ನು ತಿಂದು ಬೆಳೆದ ಗಿನಿಯಿಲಿಗಳಿಗೆ ಅದೇ ಧಾನ್ಯದ ಪ್ರೋಟೀನನ್ನು ಚುಚ್ಚಿದಾಗ ಅವು ಒಗ್ಗದಿಕೆಯ ಆಘಾತಕ್ಕೆ ಒಳಗಾಗುವುದಿಲ್ಲವೆಂದು 1911ರಲ್ಲಿ ಅವರು ಕಂಡರು. ಬಾಯಿಂದ ಹೋದದ್ದನ್ನು ದೇಹ ತನ್ನದಾಗಿ ಒಪ್ಪಿಕೊಂಡಿತ್ತು. ಈ ಒಪ್ಪಿಗೆಯನ್ನು ಕಾಯುವ ಕೋಶಗಳನ್ನು ಜಪಾನಿನ ಶಿಮೊನ್ ಸಾಕಾಗುಚಿ 1995ರಲ್ಲಿ ಗುರುತಿಸಿದರು. ನಿಯಂತ್ರಕ ಟಿ ಕೋಶಗಳೆಂದು ಕರೆಯಲಾಗುವ ಇವು ಇತರ ಕೋಶಗಳ ಸಿಟ್ಟನ್ನು ತಡೆದು ನಿಲ್ಲಿಸುತ್ತವೆ. 2025ರ ವೈದ್ಯಕೀಯ ನೊಬೆಲ್ ಪ್ರಶಸ್ತಿಯು ಸಾಕಾಗುಚಿ ಅವರಿಗೆ, ಈ ಕೋಶಗಳ ವಂಶವಾಹಿ ಮೂಲವನ್ನು ಹುಡುಕಿದ ಮೇರಿ ಬ್ರುಂಕೊ ಮತ್ತು ಫ್ರೆಡ್ ರಾಮ್ಸ್‌ಡೆಲ್ ಅವರೊಡನೆ ಸಂದಿತು. ಆ ವಂಶವಾಹಿ ಕೆಟ್ಟು ಹುಟ್ಟಿದ ಗಂಡುಶಿಶುಗಳಲ್ಲಿ ಸಾಮಾನ್ಯವಾಗಿ ಮೊದಲಿಗೇ ಕಾಣಿಸಿಕೊಳ್ಳುವುದು ನಿಲ್ಲದ ಭೇದಿ. ಸಹನೆ ತಪ್ಪಿದ ದೇಹದ ಕೋಪಕ್ಕೆ ಕರುಳು ಎಷ್ಟು ಬೇಗ ತುತ್ತಾಗುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಗಿಣ್ಣದ ಹಾಲು ಮತ್ತು ಬಾಣಂತಿಯ ಹಾಲು

ಎಮ್ಮೆ ಅಥವಾ ಆಕಳು ಈದ ಮನೆಯಲ್ಲಿ ಮೊದಲ ಎರಡು ಮೂರು ದಿನದ ಹಾಲಿಗೆ ಇರುವ ಮನ್ನಣೆ ಈ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿರುವುದೇ. ದಪ್ಪವಾದ, ಹಳದಿ ಬಣ್ಣದ ಆ ಹಾಲಿಗೆ ಬೆಲ್ಲ, ಏಲಕ್ಕಿ ಸೇರಿಸಿ ಕಾಯಿಸಿದರೆ ಗಿಣ್ಣವಾಗುತ್ತದೆ. ಅದನ್ನು ನೆರೆಮನೆಗಳಿಗೆ ಹಂಚುವುದು, ದೇವರಿಗೆ ಮೀಸಲು ತೆಗೆಯುವುದು ಉಂಟು. ಆದರೆ ಇವೆಲ್ಲಕ್ಕೂ ಮೊದಲು ಕರು ಕುಡಿಯಬೇಕು. ಮೊದಲ ಹಾಲು ಕುಡಿಯದ ಕರು ನಿಲ್ಲುವುದಿಲ್ಲ, ನಿಂತರೂ ಉಚ್ಚಿಕೊಂಡು ಸಾಯುತ್ತದೆ ಎಂಬುದು ದನ ಸಾಕುವವರ ಖಚಿತ ತಿಳಿವಳಿಕೆ.

ಪಶುವೈದ್ಯ ವಿಜ್ಞಾನ ಇದನ್ನು ಪೂರ್ತಿಯಾಗಿ ಸಮರ್ಥಿಸುತ್ತದೆ. ಹಸು ಎಮ್ಮೆಗಳ ಮಾಸಿನ ರಚನೆಯಿಂದಾಗಿ ತಾಯಿಯ ಪ್ರತಿಕಾಯಗಳು ಗರ್ಭದಲ್ಲಿರುವ ಕರುವಿಗೆ ದಾಟುವುದಿಲ್ಲ. ಕರು ಬರಿಗೈಯಲ್ಲಿ ಹುಟ್ಟುತ್ತದೆ. ಹುಟ್ಟಿದ ಸುಮಾರು 24 ಗಂಟೆ ಮಾತ್ರ ಅದರ ಕರುಳು ಗಿಣ್ಣದ ಹಾಲಿನ ಪ್ರತಿಕಾಯಗಳನ್ನು ಹಾಗೆಯೇ ರಕ್ತಕ್ಕೆ ಹೀರಿಕೊಳ್ಳುತ್ತದೆ. ಬಳಿಕ ಆ ಬಾಗಿಲು ಮುಚ್ಚಿಹೋಗುತ್ತದೆ.

ಇದೇ ಮನೆಯ ಒಳಕೋಣೆಯಲ್ಲಿ ಹೆಣ್ಣುಮಗಳು ಹೆತ್ತಾಗ ನಡೆಯುತ್ತಿದ್ದುದು, ಕೆಲವೆಡೆ ಇಂದಿಗೂ ನಡೆಯುವುದು, ಇದಕ್ಕೆ ನೇರ ವಿರುದ್ಧ. ಬಾಣಂತಿಯ ಮೊದಲ ಹಾಲು ಹೊಲಸು, ಒಂಬತ್ತು ತಿಂಗಳು ಒಳಗೇ ನಿಂತ ಹಳೆಯ ಹಾಲು, ಕೂಸಿನ ಹೊಟ್ಟೆಗೆ ಭಾರ ಎಂದು ಅದನ್ನು ಹಿಂಡಿ ಚೆಲ್ಲುವುದು. ಹಾಲು ಬೆಳ್ಳಗಾಗುವ ಮೂರನೆಯ ದಿನದವರೆಗೆ ಸಕ್ಕರೆ ನೀರು, ಜೇನುತುಪ್ಪ ಇಲ್ಲವೆ ಔಡಲೆಣ್ಣೆಯ ಹನಿಗಳನ್ನು ನೆಕ್ಕಿಸುವುದು. ಬಜೆ, ಜಾಯಿಕಾಯಿಗಳನ್ನು ತೇಯ್ದು ಹಾಕುವುದು. ಗಿಣ್ಣದ ಹಳದಿ ಬಣ್ಣ ಸಮೃದ್ಧಿಯ ಗುರುತಾದರೆ, ಬಾಣಂತಿಯ ಹಾಲಿನ ಅದೇ ಹಳದಿ ಬಣ್ಣ ಕೆಡುಕಿನ ಗುರುತಾಗಿದೆ. ಒಂದೇ ಸಮುದಾಯ ಒಂದೇ ವಸ್ತುವಿನ ಬಗ್ಗೆ ಕೊಟ್ಟಿಗೆಯಲ್ಲಿ ಒಂದು, ಕೋಣೆಯಲ್ಲಿ ಇನ್ನೊಂದು ತೀರ್ಪು ಕೊಟ್ಟಿರುವ ಈ ಸಂಗತಿ ಜಾನಪದ ವಿದ್ವಾಂಸರ ಗಮನವನ್ನು ಇನ್ನೂ ಹೆಚ್ಚು ಸೆಳೆಯಬೇಕಾಗಿತ್ತು. ಕೊಟ್ಟಿಗೆಯಲ್ಲಿ ಕಣ್ಣಾರೆ ಕಂಡ ಅನುಭವ ಮಾತನಾಡಿದೆ. ಕೋಣೆಯಲ್ಲಿ ಸೂತಕ, ಮೈಲಿಗೆಗಳ ಕಲ್ಪನೆ ಅದರ ಬಾಯಿ ಮುಚ್ಚಿಸಿದೆ. ಹೆರಿಗೆಯ ಸೂತಕ ಹೆತ್ತವಳ ಮೈಗಷ್ಟೇ ನಿಲ್ಲದೆ ಅವಳ ಹಾಲಿಗೂ ಹಬ್ಬಿತೆಂದು ತೋರುತ್ತದೆ.

ಮಾನವ ಶಿಶು ಕರುವಿನಂತೆ ಬರಿಗೈಯಲ್ಲಿ ಹುಟ್ಟುವುದಿಲ್ಲ ಎಂಬುದು ನಿಜ. ಗರ್ಭದ ಕೊನೆಯ ತಿಂಗಳುಗಳಲ್ಲಿ ತಾಯಿಯ ರಕ್ತದ ಐಜಿಜಿ ಪ್ರತಿಕಾಯಗಳು ಮಾಸಿನ ಮೂಲಕ ಅದಕ್ಕೆ ದೊರೆಯುತ್ತವೆ. ಆದರೆ ಕರುಳಿನ ಒಳಮೈಯನ್ನು ಕಾಯುವ ಐಜಿಎ ಹಾಗೆ ದಾಟುವುದಿಲ್ಲ, ಶಿಶು ತಾನೇ ಅದನ್ನು ಬೇಕಷ್ಟು ತಯಾರಿಸಲು ವಾರಗಳು, ತಿಂಗಳುಗಳು ಹಿಡಿಯುತ್ತವೆ. ಆ ಖಾಲಿಯನ್ನು ತುಂಬುವುದು ಮೊದಲ ಹಾಲು. ಅದರಲ್ಲಿರುವ ಐಜಿಎ ರಕ್ತಕ್ಕೆ ಸೇರದೆ ಕರುಳಿನ ಗೋಡೆಗೆ ಲೇಪದಂತೆ ನಿಲ್ಲುತ್ತದೆ. ತಾಯಿ ಆ ಊರಿನ ನೀರು ಕುಡಿದು, ಆ ಓಣಿಯ ಸೋಂಕುಗಳನ್ನು ಕಂಡು ತನ್ನ ಕರುಳಿನಲ್ಲಿ ಗಳಿಸಿದ ಅನುಭವವೇ ಕೋಶಗಳ ಮೂಲಕ ಅವಳ ಎದೆಗೆ ಬಂದು ಹಾಲಾಗಿ ಇಳಿಯುತ್ತದೆ. ಬಾಂಗ್ಲಾದೇಶದಲ್ಲಿ ನಡೆದು 1983ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕಾಲರಾ ವಿರುದ್ಧದ ಪ್ರತಿಕಾಯಗಳು ತಾಯಿಯ ಹಾಲಿನಲ್ಲಿ ಹೆಚ್ಚಿದ್ದ ಮಕ್ಕಳ ಕರುಳಿಗೆ ಕಾಲರಾ ಅಣು ಹೊಕ್ಕರೂ ಅವರಿಗೆ ಬೇನೆ ತಗಲುವುದು ಕಡಿಮೆಯೆಂದು ಕಂಡುಬಂದಿತು. ಇದಲ್ಲದೆ ಎದೆಹಾಲಿನಲ್ಲಿ ಶಿಶು ಸ್ವತಃ ಅರಗಿಸಿಕೊಳ್ಳಲಾರದ ಕೆಲವು ಸಕ್ಕರೆಗಳಿವೆ. ಅವು ಶಿಶುವಿಗಾಗಿ ಇರುವುದೇ ಅಲ್ಲ. ಅದರ ಕರುಳಿನಲ್ಲಿ ನೆಲೆಸಬೇಕಾದ ಬೈಫಿಡೊ ಬ್ಯಾಕ್ಟೀರಿಯಗಳ ಬುತ್ತಿ ಅದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಶೇ. 88ಕ್ಕೂ ಹೆಚ್ಚು ಹೆರಿಗೆಗಳು ಆಸ್ಪತ್ರೆಗಳಲ್ಲಿ ನಡೆದರೂ ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಕಂಡ ಮಕ್ಕಳು ಶೇ. 42ರಷ್ಟು ಮಾತ್ರ. ಹೆರಿಗೆಯ ಜಾಗ ಬದಲಾದಷ್ಟು ಬೇಗ ನಂಬಿಕೆ ಬದಲಾಗಿಲ್ಲ ಎಂದೇ ಇದರ ಅರ್ಥವೆನ್ನಲಾಗದು; ಶಸ್ತ್ರಚಿಕಿತ್ಸೆಯ ಹೆರಿಗೆ, ಸಿಬ್ಬಂದಿಯ ಕೊರತೆ ಮುಂತಾದ ಕಾರಣಗಳೂ ಇವೆ. ಆದರೆ ಅತ್ತೆ, ಅಜ್ಜಿಯರ ಮಾತು ವಾರ್ಡಿನೊಳಕ್ಕೂ ಬರುತ್ತದೆಂಬುದನ್ನು ಅಲ್ಲಗಳೆಯುವಂತಿಲ್ಲ. ಅವರೊಡನೆ ವಾದಿಸುವವರಿಗೆ ಕೊಟ್ಟಿಗೆಯ ತಿಳಿವಳಿಕೆಗಿಂತ ಬಲವಾದ ಸಾಕ್ಷ್ಯ ಹೊರಗಿನಿಂದ ತರಬೇಕಾಗಿಲ್ಲ. ಕರುವಿಗೆ ಬಿಟ್ಟ ಹಾಲನ್ನು ಕೂಸಿಗೆ ಏಕೆ ಬಿಡಬಾರದು ಎಂಬ ಒಂದು ಪ್ರಶ್ನೆ ಸಾಕು.

ಬರೆಯ ಕೀರ್ತಿ

ಕೂಸಿಗೆ ಹೊಟ್ಟೆ ಉಬ್ಬರಿಸಿದಾಗ, ನಿಲ್ಲದೆ ಭೇದಿಯಾದಾಗ ಹೊಟ್ಟೆಯ ಮೇಲೆ ಕಾಯಿಸಿದ ಬಳೆಯ ಚೂರಿನಿಂದಲೋ ಸೂಜಿಯಿಂದಲೋ ಬರೆ ಎಳೆಯುವ ರೂಢಿ ಕರ್ನಾಟಕದ ಹಲವೆಡೆ ಇತ್ತು, ಪೂರ್ತಿ ನಿಂತಿಲ್ಲ. ದೃಷ್ಟಿ ತೆಗೆಯುವುದು, ಹೊಕ್ಕಳು ಸರಿದಿದೆಯೆಂದು ತಿಕ್ಕಿಸುವುದು ಇದಕ್ಕಿಂತ ನಿರಪಾಯಕರ. ಇಂಥ ಚಿಕಿತ್ಸೆಗಳು ತಲೆಮಾರುಗಳಿಂದ ಉಳಿದು ಬಂದದ್ದು ಹೇಗೆ ಎಂಬುದಕ್ಕೆ ಮೌಢ್ಯ ಎಂಬೊಂದು ಪದ ಉತ್ತರವಾಗದು. ಮಕ್ಕಳ ಭೇದಿಗೆ ಮುಖ್ಯ ಕಾರಣಗಳಲ್ಲೊಂದಾದ ರೋಟಾವೈರಸ್ ಸೋಂಕು ಸಾಮಾನ್ಯವಾಗಿ ಒಂದು ವಾರದೊಳಗೆ ತಾನಾಗಿ ಇಳಿಯುತ್ತದೆ, ಏಕೆಂದರೆ ಅಷ್ಟರಲ್ಲಿ ಕರುಳಿನ ರೋಗನಿರೋಧಕ ಕೋಶಗಳು ಅದನ್ನು ಹತ್ತಿಕ್ಕಿರುತ್ತವೆ. ಮೂರನೆಯ ದಿನ ಬರೆ ಎಳೆದರೆ ಐದನೆಯ ದಿನ ಗುಣ ಕಾಣುತ್ತದೆ. ದುಡಿದದ್ದು ಪ್ರತಿಕಾಯ, ಕೀರ್ತಿ ಬಂದದ್ದು ಬರೆಗೆ. ಗುಣವಾಗದೆ ಹೋದ ಕೂಸುಗಳು ಸಾಕ್ಷಿ ಹೇಳಲು ಉಳಿಯುವುದಿಲ್ಲ. ಸುಟ್ಟ ಚರ್ಮ ಹೊಸ ಸೋಂಕಿಗೆ ಬಾಗಿಲು ತೆರೆಯುತ್ತದೆ. ಈ ನಡುವೆ ದೇಹದಿಂದ ಹರಿದುಹೋದ ನೀರು, ಉಪ್ಪುಗಳಿಗೆ ಪರಿಹಾರ ಸಿಕ್ಕಿರುವುದಿಲ್ಲ. ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬಿಸ್ ಅವರು 1971ರಲ್ಲಿ ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಕುಡಿಸಿ ಕಾಲರಾ ಸಾವಿನ ಪ್ರಮಾಣವನ್ನು ಶೇ. 30ರ ಆಸುಪಾಸಿನಿಂದ ಶೇ. 4ಕ್ಕಿಂತ ಕೆಳಗಿಳಿಸಿದ್ದು ಇದೇ ತತ್ತ್ವದ ಮೇಲೆ: ರೋಗಾಣುವನ್ನು ದೇಹ ನೋಡಿಕೊಳ್ಳುತ್ತದೆ, ಅಲ್ಲಿಯವರೆಗೆ ದೇಹವನ್ನು ಉಳಿಸಿಕೊಳ್ಳಬೇಕು. ಉಪ್ಪು ಹಾಕಿದ ತೆಳುವಾದ ಅಂಬಲಿ ಕುಡಿಸುವ ಮನೆಮದ್ದು ಈ ತತ್ತ್ವಕ್ಕೆ ಹತ್ತಿರವಿದೆ. ಭೇದಿಯಾದಾಗ ನೀರನ್ನೇ ಕೊಡಬಾರದೆಂಬ ಇನ್ನೊಂದು ನಂಬಿಕೆ ಪ್ರಾಣಕ್ಕೆ ಎರವು.

ಉಂಡದ್ದು ಮೈಗೆ ಹತ್ತದಿರುವುದು

ಮೋರಟಗಿ ಕಡೆಯ ತಾಯಂದಿರು ಮಕ್ಕಳ ಬಗ್ಗೆ ಆಡುವ ದೂರುಗಳಲ್ಲಿ ‘ಉಂಡದ್ದು ಮೈಗಿ ಹತ್ತವಲ್ದು’ ಎಂಬುದು ಸಾಮಾನ್ಯ. ಮಗು ಉಣ್ಣುತ್ತಿದೆ, ದೊಡ್ಡ ಬೇನೆ ಏನೂ ಇಲ್ಲ, ಆದರೂ ಬೆಳೆಯುತ್ತಿಲ್ಲ. ಇದಕ್ಕೆ ಜೊತೆಯಾಗಿ ‘ಈ ಊರ ನೀರ ಹಿಡಸಂಗಿಲ್ಲ’ ಎಂಬ ಮಾತೂ ಉಂಟು. ಮದುವೆಯಾಗಿ ಬಂದ ಹೆಣ್ಣು, ಗುಳೆ ಹೋಗಿ ಮಹಾರಾಷ್ಟ್ರ, ಗೋವೆಗಳಲ್ಲಿ ದುಡಿದವರು ಹೊಸ ನೀರಿಗೆ ಮೈ ಒಗ್ಗುವ ತನಕ ಹೊಟ್ಟೆ ಕೆಡುವುದನ್ನು ಹೀಗೆ ಹೇಳುತ್ತಾರೆ. ಡೋಣಿ ಹೊಳೆಯ ಉಪ್ಪುನೀರಿನ ಪಾತ್ರವಿರುವ, ಬಾವಿಗಳೂ ಸವಳಾಗಿರುವ ಈ ನಾಡಿನಲ್ಲಿ ನೀರಿನ ಮಾತು ಹೆಚ್ಚಾಗಿರುವುದು ಸಹಜವೇ.

ಉಂಡದ್ದು ಮೈಗೆ ಹತ್ತದ ಈ ಸ್ಥಿತಿಗೆ ವೈದ್ಯಕೀಯದಲ್ಲಿ ಈಗ ಒಂದು ಹೆಸರಿದೆ: ಪರಿಸರಜನ್ಯ ಕರುಳು ದೌರ್ಬಲ್ಯ. ಸಣ್ಣ ಕರುಳಿನ ಒಳಮೈಯಲ್ಲಿ ಆಹಾರ ಹೀರುವ ಬೆರಳಿನಾಕಾರದ ಚಾಚುಗಳಿರುತ್ತವೆ. ಮಲಿನ ನೀರು, ಮಲಿನ ಅಂಗಳಗಳಿಂದ ದಿನವೂ ಸೂಕ್ಷ್ಮಾಣುಗಳು ಒಳಹೊಗುತ್ತಿದ್ದರೆ ಕರುಳಿನ ರೋಗನಿರೋಧಕ ವ್ಯವಸ್ಥೆ ಸದಾ ಎಚ್ಚರದಲ್ಲಿ, ಸಣ್ಣ ಉರಿಯೂತದಲ್ಲಿ ಇರಬೇಕಾಗುತ್ತದೆ. ಚಾಚುಗಳು ಮೊಂಡಾಗುತ್ತವೆ, ಗೋಡೆ ಸೋರುತ್ತದೆ, ಉಂಡದ್ದರ ಒಂದು ಪಾಲು ಹೀರಿಕೆಯಾಗದೆ ಹೋಗುತ್ತದೆ, ಹೀರಿದ್ದರಲ್ಲಿ ಒಂದು ಪಾಲು ಕಾವಲಿನ ಖರ್ಚಿಗೆ ಹೋಗುತ್ತದೆ. ಭೇದಿಯೇ ಇಲ್ಲದ ಮಗುವಿನಲ್ಲೂ ಇದು ಇರಬಹುದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಬೇಕರ್ ಮತ್ತು ಮಥಾನ್ ಅವರು ದಕ್ಷಿಣ ಭಾರತದ ಹಳ್ಳಿಗರ ಕರುಳನ್ನು ಕುರಿತು ನಡೆಸಿದ ಸಂಶೋಧನೆಗಳು ಈ ಕ್ಷೇತ್ರದ ಬುನಾದಿಗಳಲ್ಲಿ ಸೇರಿವೆ. 1960ರ ದಶಕದಲ್ಲಿ ಅಂದಿನ ಪೂರ್ವ ಪಾಕಿಸ್ತಾನಕ್ಕೆ ಬಂದಿದ್ದ ಅಮೆರಿಕದ ಶಾಂತಿದಳದ ಸ್ವಯಂಸೇವಕರ ಕರುಳಿನಲ್ಲೂ ಇದೇ ಬದಲಾವಣೆ ಕಂಡಿತು. ತಮ್ಮ ದೇಶಕ್ಕೆ ಮರಳಿದ ಮೇಲೆ ಅದು ಮೊದಲಿನಂತಾಯಿತು. ಊರ ನೀರು ಹಿಡಿಸಲಿಲ್ಲ ಎಂಬ ಮಾತಿಗೆ ಇಷ್ಟು ನೇರವಾದ ಪುರಾವೆ ಅಪರೂಪ.

ಇದರ ಪರಿಣಾಮ ಎರಡು ಬಗೆಯದು. ಒಂದು, ಬೆಳವಣಿಗೆ. ಮೇಲೆ ಹೇಳಿದ ಸಮೀಕ್ಷೆಯಲ್ಲೇ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಪಡೆದಿರಲಿಲ್ಲ. ಅನ್ನದ ಕೊರತೆಯೊಂದೇ ಇದಕ್ಕೆ ಕಾರಣವಲ್ಲವೆಂದು ಕರುಳಿನ ಅಧ್ಯಯನಗಳು ಸೂಚಿಸುತ್ತವೆ. ಎರಡನೆಯದು ಬಾಯಿಂದ ಕೊಡುವ ಲಸಿಕೆಗಳ ಸೋಲು. ಪೋಲಿಯೊ ಹನಿಗಳು ಇಲ್ಲಿನ ಮಕ್ಕಳಲ್ಲಿ ಶ್ರೀಮಂತ ದೇಶಗಳಲ್ಲಿ ಫಲಿಸಿದಷ್ಟು ಫಲಿಸುವುದಿಲ್ಲವೆಂದು ವೆಲ್ಲೂರಿನ ಟಿ. ಜೇಕಬ್ ಜಾನ್ 1970ರ ದಶಕದಲ್ಲೇ ತೋರಿಸಿದರು. ಮನೆಮನೆಗೆ ಹೋಗಿ ಮತ್ತೆ ಮತ್ತೆ ಹನಿ ಹಾಕಬೇಕಾಗಿ ಬಂದದ್ದರ ಹಿನ್ನೆಲೆಯಲ್ಲಿ ಈ ಸಂಗತಿಯೂ ಇತ್ತು. ದೇಶದ ಕೊನೆಯ ವನ್ಯ ಪೋಲಿಯೊ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. ರೋಟಾವೈರಸ್ ಲಸಿಕೆಯದೂ ಅದೇ ಕಥೆ. ಸೋಂಕು ತಗಲಿಯೂ ಬೇನೆ ಬೀಳದ ನವಜಾತ ಶಿಶುಗಳಿಂದ ದೆಹಲಿಯಲ್ಲಿ 116ಇ ಎಂಬ ತಳಿ, ಬೆಂಗಳೂರಿನಲ್ಲಿ ಐ321 ಎಂಬ ತಳಿ ದೊರೆತವು. ಮೊದಲನೆಯದರಿಂದ ತಯಾರಾದ ಭಾರತೀಯ ಲಸಿಕೆ ತೀವ್ರ ರೋಟಾವೈರಸ್ ಭೇದಿಯನ್ನು ತಡೆಯುವಲ್ಲಿ ಸುಮಾರು ಶೇ. 55ರಷ್ಟು ಸಫಲವೆಂದು ಪರೀಕ್ಷೆಗಳು ತಿಳಿಸಿದವು. ಯುರೋಪು, ಅಮೆರಿಕಗಳಲ್ಲಿ ಇಂಥ ಲಸಿಕೆಗಳ ಸಾಫಲ್ಯ ಶೇ. 85ಕ್ಕೂ ಮೇಲೆ. ಆದರೂ ಸಾವಿರಾರು ಮಕ್ಕಳ ಜೀವ ಉಳಿಸುವ ಲಸಿಕೆ ಇದು. 2016ರಿಂದ ಹಂತಹಂತವಾಗಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ರೋಟಾವೈರಸ್ ಲಸಿಕೆ ಸೇರಿತು.

ಶೌಚಾಲಯ ಕಟ್ಟಿ ಕೈ ತೊಳೆಸಿದರೆ ಎಲ್ಲವೂ ಸರಿಹೋದೀತೆಂಬ ನಿರೀಕ್ಷೆ ಇತ್ತು. ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ನಡೆದು 2018-19ರಲ್ಲಿ ಫಲಿತಾಂಶ ಕೊಟ್ಟ ದೊಡ್ಡ ಪ್ರಯೋಗಗಳಲ್ಲಿ ಮನೆಮಟ್ಟದ ಇಂಥ ಕ್ರಮಗಳಿಂದ ಮಕ್ಕಳ ಎತ್ತರ ಹೆಚ್ಚಲಿಲ್ಲ. ಒಂದು ಮನೆ ಶುಚಿಯಾದರೆ ಸಾಲದು, ಊರ ನೀರೇ ಬದಲಾಗಬೇಕು ಎಂಬ ಅರ್ಥವನ್ನು ತಜ್ಞರು ಇದಕ್ಕೆ ಕೊಟ್ಟಿದ್ದಾರೆ. ಊರಿಗೆ ಬೇನೆ ಬಂದಾಗ ಇಡೀ ಊರೇ ದುರಗವ್ವ, ಮರಗವ್ವರ ಹೆಸರಿನಲ್ಲಿ ವಾರ ಹಿಡಿದು, ಹೊಲದ ಕೆಲಸ ನಿಲ್ಲಿಸಿ, ಬೇನೆಯನ್ನು ಗಡಿ ದಾಟಿಸುತ್ತಿದ್ದ ಆಚರಣೆಗಳು ಇಲ್ಲಿ ನೆನಪಿಗೆ ಬರುತ್ತವೆ. ಅವು ಕಾಲರಾವನ್ನು ತಡೆದವೆಂದು ಹೇಳಲಾಗದು. ಆದರೆ ಹೊಟ್ಟೆಯ ಬೇನೆ ಒಂದು ಮನೆಯ ಸ್ವಂತ ವ್ಯವಹಾರವೆಂದು ಜನಪದರು ಎಂದೂ ತಿಳಿದಿರಲಿಲ್ಲ.

ರೊಟ್ಟಿ, ಮಜ್ಜಿಗೆ, ಗೋದಿ

ಈ ಸೀಮೆಯ ಬುತ್ತಿ ಎಂದರೆ ಬಿಳಿಜೋಳದ ರೊಟ್ಟಿ, ಶೇಂಗಾ ಇಲ್ಲವೆ ಅಗಸಿ ಹಿಂಡಿ, ಉಳ್ಳಾಗಡ್ಡಿ, ಮಜ್ಜಿಗೆ. ಜೋಳದ ಹಿಟ್ಟಿನ ಪಿಷ್ಟದ ಒಂದು ಪಾಲು ಸಣ್ಣ ಕರುಳಿನಲ್ಲಿ ಅರಗದೆ ದೊಡ್ಡ ಕರುಳಿಗೆ ಇಳಿಯುತ್ತದೆ. ಹಿಂದೆ ಇದನ್ನು ಜೋಳದ ದೋಷವೆಂದೇ ಎಣಿಸುತ್ತಿದ್ದರು. ಅಲ್ಲಿ ಬ್ಯಾಕ್ಟೀರಿಯಗಳು ಅದನ್ನು ಹುದುಗಿಸಿ ಬ್ಯುಟಿರೇಟ್ ಮೊದಲಾದ ಆಮ್ಲಗಳನ್ನು ತಯಾರಿಸುತ್ತವೆ. ಈ ಆಮ್ಲಗಳು ಕರುಳಿನ ಕೋಶಗಳಿಗೆ ಇಂಧನವಾಗುವುದಲ್ಲದೆ, ಮೇಲೆ ಹೇಳಿದ ನಿಯಂತ್ರಕ ಟಿ ಕೋಶಗಳನ್ನು ಹೆಚ್ಚಿಸುತ್ತವೆಂದು ಇಲಿಗಳ ಮೇಲಿನ ಪ್ರಯೋಗಗಳಿಂದ 2013ರಲ್ಲಿ ತಿಳಿದುಬಂದಿತು. ಉಳ್ಳಾಗಡ್ಡಿಯ ನಾರೂ ಇದೇ ಕೆಲಸಕ್ಕೆ ಬರುವಂಥದು. ರೊಟ್ಟಿ ತಿಂದವನ ಹೊಟ್ಟೆ ಗಟ್ಟಿ ಎಂಬ ಹೆಮ್ಮೆಗೆ ಸ್ವಲ್ಪ ಆಧಾರ ಇಲ್ಲದಿಲ್ಲ.

ಮಜ್ಜಿಗೆಯ ವಿಷಯದಲ್ಲಿ ಎಚ್ಚರದಿಂದ ಮಾತಾಡಬೇಕು. ಬಿಳಿಯ ರಕ್ತಕಣಗಳು ರೋಗಾಣುವನ್ನು ನುಂಗುವುದನ್ನು ಕಂಡುಹಿಡಿದು 1908ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡ ಇಲ್ಯಾ ಮೆಚ್ನಿಕಾಫ್ ಅವರೇ ಹುಳಿ ಹಾಲಿನ ದೊಡ್ಡ ಪ್ರಚಾರಕರೂ ಆಗಿದ್ದರು. ಆದರೆ ಮಜ್ಜಿಗೆಯ ಬ್ಯಾಕ್ಟೀರಿಯಗಳು ಬಹುಮಟ್ಟಿಗೆ ಕರುಳಿನ ಮೂಲಕ ಹಾದುಹೋಗುವ ಪ್ರಯಾಣಿಕರು. ಅಲ್ಲಿ ಮನೆ ಕಟ್ಟುವವಲ್ಲ. ಮಜ್ಜಿಗೆ ಹೊಟ್ಟೆಗೆ ತಂಪು ಎಂಬಲ್ಲಿಗೆ ನಿಲ್ಲಿಸಿ, ಅದು ಕರುಳಿನ ರೋಗಕ್ಕೆ ಮದ್ದು ಎಂಬಲ್ಲಿಗೆ ಹೋಗದಿರುವುದು ಒಳಿತು.

ಗೋದಿಯ ಕಥೆ ಬೇರೆ. ಕೆಲವರ ಕರುಳು ಗೋದಿಯ ಗ್ಲುಟೆನ್ ಎಂಬ ಪ್ರೋಟೀನನ್ನು ಹೊಟ್ಟೆಗೆ ಹಾಕಿಕೊಳ್ಳಲಾರದು. ರೋಗನಿರೋಧಕ ಕೋಶಗಳು ಅದರ ಮೇಲೆ ಎರಗಿ ಕರುಳಿನ ಚಾಚುಗಳನ್ನೇ ಹಾಳುಮಾಡುತ್ತವೆ. ಸೀಲಿಯಾಕ್ ಎಂಬ ಈ ರೋಗಕ್ಕೆ ಗೋದಿಯೇ ಕಾರಣವೆಂದು ನೆದರ್ಲೆಂಡಿನ ವೈದ್ಯ ವಿಲೆಮ್ ಡಿಕೆ ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಗುರುತಿಸಿ 1950ರಲ್ಲಿ ಪ್ರಬಂಧವಾಗಿ ಮಂಡಿಸಿದರು. ಭಾರತದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಈ ರೋಗ ಉತ್ತರದಲ್ಲಿ ಶೇ. 1.23, ಈಶಾನ್ಯದಲ್ಲಿ ಶೇ. 0.87, ದಕ್ಷಿಣದಲ್ಲಿ ಶೇ. 0.10 ಕಂಡಿತು. ಈ ರೋಗಕ್ಕೆ ಎಡೆಗೊಡುವ ವಂಶವಾಹಿಗಳು ಮೂರು ಕಡೆಯೂ ಹೆಚ್ಚು ಕಡಿಮೆ ಸಮವಾಗಿದ್ದವು. ದಕ್ಷಿಣದವರು ಗೋದಿ ತಿನ್ನುವುದು ಕಡಿಮೆಯೆಂಬುದು ಒಂದು ವಿವರಣೆ. ಆದರೆ ಅನ್ನವೇ ಮುಖ್ಯವಾದ ಈಶಾನ್ಯದ ಅಂಕಿ ಅದಕ್ಕೆ ಪೂರ್ತಿ ಹೊಂದುವುದಿಲ್ಲ. ಜೋಳದಲ್ಲಿ ಗ್ಲುಟೆನ್ ಇಲ್ಲ. ಮೋರಟಗಿಯ ಮನೆಗಳಲ್ಲಿ ರೊಟ್ಟಿಯ ಬದಿಗೆ ಚಪಾತಿ, ಬ್ರೆಡ್ಡು, ಬಿಸ್ಕೀಟುಗಳು ಬಂದು ಕುಳಿತಿರುವ ಈ ಕಾಲದಲ್ಲಿ, ಇಷ್ಟು ದಿನ ಜೋಳದ ಮರೆಯಲ್ಲಿ ಅಡಗಿದ್ದ ರೋಗ ಹೊರಗೆ ಬಂದೀತೆ ಎಂಬುದು ನಿಜವಾದ ಪ್ರಶ್ನೆ. ಹಳೆಯ ಜವೆಗೋದಿ ನಿರಪಾಯಕಾರಿ ಎಂಬ ಪ್ರಚಾರ ಇತ್ತೀಚೆಗೆ ಹಬ್ಬಿದೆ. ಅದರಲ್ಲೂ ಗ್ಲುಟೆನ್ ಇದೆ; ಸೀಲಿಯಾಕ್ ಇರುವವರಿಗೆ ಅದೂ ಸಲ್ಲದು.

ನಗರದ ಆಸ್ಪತ್ರೆಗಳಲ್ಲಿ ಕಳೆದ ಎರಡು ಮೂರು ದಶಕಗಳಿಂದ ಹೆಚ್ಚಾಗಿ ಕಾಣಿಸುತ್ತಿರುವ ಎರಡು ರೋಗಗಳು ಕ್ರೋನ್ಸ್ ಮತ್ತು ಕರುಳು ಹುಣ್ಣಿನ ಕೊಲೈಟಿಸ್. ಎರಡರಲ್ಲೂ ದೇಹ ತನ್ನ ಕರುಳಿನ ಬ್ಯಾಕ್ಟೀರಿಯಗಳ ಬಗೆಗೆ ಇಟ್ಟಿದ್ದ ಸಹನೆಯನ್ನು ಕಳೆದುಕೊಂಡಿರುತ್ತದೆ. ಇವಕ್ಕೆ ಈ ಸೀಮೆಯ ನುಡಿಯಲ್ಲಿ ಹೆಸರಿಲ್ಲ. ಹೊಟ್ಟಿ ಕಡಿತ, ಹೊಟ್ಟಿ ಜಾಡಿಸುವುದು ಎಂಬ ಹಳೆಯ ಪದಗಳಲ್ಲೇ ರೋಗಿ ಅವನ್ನು ಹೇಳುತ್ತಾನೆ. ವೈದ್ಯರಿಗೂ ಇಲ್ಲಿ ತೊಡಕಿದೆ. ಭಾರತದಲ್ಲಿ ಕರುಳಿನ ಕ್ಷಯ ಸಾಮಾನ್ಯ. ಅದು ಕ್ರೋನ್ಸ್ ರೋಗವನ್ನು ಎಷ್ಟು ಹೋಲುತ್ತದೆಂದರೆ ಎಷ್ಟೋ ರೋಗಿಗಳಿಗೆ ಮೊದಲು ಕ್ಷಯದ ಮಾತ್ರೆಯನ್ನೇ ಕೊಟ್ಟು ಪರೀಕ್ಷಿಸಬೇಕಾಗುತ್ತದೆ. ಒಂದರ ಮದ್ದು ಇನ್ನೊಂದಕ್ಕೆ ವಿಷ. ಕ್ರೋನ್ಸ್ ರೋಗಕ್ಕೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಬೇಕು, ಕ್ಷಯದ ರೋಗಿಗೆ ಅದನ್ನು ಕೊಟ್ಟರೆ ಕ್ಷಯ ಹಬ್ಬುತ್ತದೆ. ಹೀಗಾಗಿ ವಾರಗಟ್ಟಲೆ ನಿಲ್ಲದ ಭೇದಿ, ಮಲದಲ್ಲಿ ರಕ್ತ, ಇಳಿಯುತ್ತ ಹೋಗುವ ತೂಕ, ಸಂಜೆಯ ಜ್ವರ ಇವುಗಳಲ್ಲಿ ಯಾವುದು ಯಾವಾಗ ಕಾಣಿಸಿತೆಂಬ ವಿವರ ರೋಗಿಯ ಬಾಯಿಂದಲೇ ಬರಬೇಕಾಗುತ್ತದೆ. ಆ ವಿವರ ಬರುವುದು ಅವನ ಆಡುಮಾತಿನಲ್ಲಿ. ‘ಹೊಟ್ಟಿಗಿ ಏನೂ ಹೊಂದವಲ್ದು’, ‘ಉಂಡದ್ದು ಮೈಗಿ ಹತ್ತವಲ್ದು’, ‘ಹೊಟ್ಟಿ ಜಾಡಸ್ತದ’ ಎಂಬ ಮೂರು ಮಾತುಗಳನ್ನು ಹೊಟ್ಟೆನೋವು ಎಂಬ ಒಂದೇ ಪದಕ್ಕೆ ಇಳಿಸಿ ಚೀಟಿಯಲ್ಲಿ ಬರೆದಾಗ ಅವು ಬೇರೆಬೇರೆ ಸಂಗತಿಗಳೆಂಬುದೇ ಅಳಿಸಿಹೋಗುತ್ತದೆ. ವಿಜಯಪುರ ಜಿಲ್ಲೆಯ ಉದರ ಸಂಬಂಧಿ ಪದಗಳ ಕೋಶವೊಂದು ಅರ್ಥ, ಸಂದರ್ಭ, ಯಾವ ವಯಸ್ಸಿನವರಿಗೆ ಯಾವ ಪದ ಎಂಬ ವಿವರಗಳೊಡನೆ ಸಿದ್ಧವಾದರೆ, ಅದರ ಮೊದಲ ಪ್ರತಿಗಳು ಸೇರಬೇಕಾದದ್ದು ಗ್ರಂಥಾಲಯಗಳಿಗಿಂತ ಮುಂಚೆ ಮೋರಟಗಿಯಂಥ ಊರುಗಳ ರೋಗಿಗಳನ್ನು ದಿನವೂ ಕಾಣುವ ವೈದ್ಯರ ಮೇಜಿಗೆ.